ಅಪ್ಪನ ಕಿವಿ ಮತ್ತು ನನ್ನ ಬಯಲು

ಚಿತ್ರ ಬರೆಯುವವನನ್ನು ನಮ್ಮ ಕಡೆ ಯಾರೂ ಸುಮ್ಮನೆ ಕೂಡಗೊಡುವುದಿಲ್ಲ, ಅವನು ಬರೆದದ್ದನ್ನು ಮಾತ್ರ ಯಾರೂ ನೋಡುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮುಂಬಯಿಯಲ್ಲಿ ಕಲಿಯುವಾಗ, ಪಶ್ಚಿಮದವರು ಕಣ್ಣು, ಮೂಗು, ಗಿಡ, ಮನೆ ಎಲ್ಲ ಕಿತ್ತೊಗೆದು ಬರೀ ಬಣ್ಣ, ಆಕಾರ ಉಳಿಸಿದ್ದನ್ನು ಕಂಡಿದ್ದೆ. ಮನೆಯಲ್ಲಿ ನಮ್ಮಜ್ಜಿ ದಿನಾ ಅಂಗೈ ಮೇಲಿನ ಕರಿ ಲಿಂಗವನ್ನು ದಿಟ್ಟಿಸುತ್ತ, ಕಡೆಗೆ ಎಲ್ಲಾ ಬಯಲೇ ಎನ್ನುತ್ತಿದ್ದಳು. ಎರಡನ್ನೂ ಕೂಡಿಸಿ ವರ್ಷಗಟ್ಟಲೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆದೆ. ಮಣ್ಣಿನ ಬಣ್ಣದ ಬಯಲು, ನಡುವೆ ಒಂದು ಕರಿ ವರ್ತುಲ.

ಇಂಡಿಯ ಪ್ರದರ್ಶನ

ಪಕ್ಕದ ತಾಲೂಕು ಇಂಡಿಯಲ್ಲಿ ಒಂದು ಕೃಷಿ ಪ್ರದರ್ಶನ. ನಿಂಬೆಹಣ್ಣಿಗೂ ಕುಂಬಳಕಾಯಿಗೂ ನಡುವೆ ನನ್ನ ಚಿತ್ರಕ್ಕೊಂದು ಜಾಗ ಕೊಟ್ಟರು. ಹಲಸಂಗಿಯ ಮುದುಕಿಯೊಬ್ಬಳು ಅದರ ಮುಂದೆ ಬಹಳ ಹೊತ್ತು ನಿಂತಳು. ಅಂತೂ ಒಬ್ಬರಿಗೆ ತಿಳಿಯಿತಲ್ಲ!

"ಇದು ಲಿಂಗ ಹೌದಲ್ರಿ?" ಎಂದಳು.

"ಹಾಂಗೂ ಅನಬಹುದವ್ವ" ಎಂದೆ. ಅದೇ ತಪ್ಪಾಯಿತು. ಆಕೆ ವಿಭೂತಿ ತೆಗೆದು ವರ್ತುಲಕ್ಕೆ ಮೂರು ಬೆರಳು ಎಳೆದಳು. ಮಧ್ಯಾಹ್ನಕ್ಕೆ ಮಂದಿ ಸಾಲು ಹಚ್ಚಿದರು, ಸಂಜೆಗೆ ಕಾಯಿ ಒಡೆದರು. ಮರುದಿನ ಚಿತ್ರ ಬಿಚ್ಚಲು ಹೋದರೆ ಪ್ರದರ್ಶನದ ಯಜಮಾನರು ಕೈ ಹಿಡಿದರು.

"ಮಾಸ್ತರ, ಒಯ್ಯಬ್ಯಾಡ್ರಿ. ಒಯ್ದ್ರ ನನ್ನ ಬಡೀತಾರ. ಪೂಜಾಕ್ಕ ಯಾರನ್ನ ಇಡೋಣು, ಅದನ್ನಷ್ಟು ಹೇಳಿ ಹೋಗ್ರಿ."

ಮುದ್ದೇಬಿಹಾಳದ ಯಜಮಾನ

ಆಗ ನಮ್ಮ ಕಡೆ ಫೋಟೋ ತೆಗೆಸಿಕೊಳ್ಳದೆ ಸತ್ತವರೇ ಹೆಚ್ಚು. ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ಹೂವು ಹಾಕಿ, ಡ್ರಾಯಿಂಗ್ ಮಾಸ್ತರನಿಗೆ ಹೇಳಿಕಳಿಸುವ ರೂಢಿ ಇತ್ತು. ಮುದ್ದೇಬಿಹಾಳದ ದೊಡ್ಡ ಮನೆತನದ ಯಜಮಾನ ತೀರಿಕೊಂಡಾಗ ನಾನೇ ಹೋದೆ.

"ಜಲ್ದಿ ಚಿತ್ರಾ ತಗೀರಿ, ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕು" ಎಂದ ಹಿರಿಮಗ. "ಕಣ್ಣು ಮಾತ್ರ ತೆರದಾವು ಬೇಕ್ರಿ."

"ಕಣ್ಣು ಹ್ಯಾಂಗ ಇದ್ವು?"

ಮೂವರು ಮಕ್ಕಳು ಮುಖ ಮುಖ ನೋಡಿಕೊಂಡರು. ಅಪ್ಪನ ಕಣ್ಣನ್ನು ಎತ್ತಿ ನೋಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲವಂತೆ. ಅಂದಾಜಿನ ಮೇಲೆ ಬರೆದೆ. ಆಗ ಯಜಮಾನನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಸ್ವಲ್ಪ ನಗೂವಂಗ ಮಾಡ್ರಿ" ಎಂದಳು.

"ಹ್ಯಾಂಗ ನಗ್ತಿದ್ರವ್ವ?"

"ನಲವತ್ತು ವರ್ಷದಾಗ ನಾ ಒಮ್ಮಿನೂ ನೋಡಿಲ್ರಿ. ಅದಕ್ಕಽ ಹೇಳಿದೆ."

ಸೂಟಿ

ನನ್ನಪ್ಪ ಬಸವನ ಬಾಗೇವಾಡಿಯಲ್ಲಿ ಜೋಳದ ವ್ಯಾಪಾರಿ. ಮೊರದಂಥ ಕಿವಿ. ಆ ನಾಚಿಕೆಗೇ ಜೀವಮಾನದಲ್ಲಿ ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಶಾಲೆಗೆ ಸೂಟಿ ಬಿಟ್ಟು ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಹೊಸ ಚಿತ್ರ ಬಿಚ್ಚಿ ತೋರಿಸುವುದು, ಅಪ್ಪ ಚಷ್ಮಾ ಏರಿಸಿ ನೋಡುವುದು.

"ಇದರಾಗ ಯಾರದಾರೋ?"

"ಯಾರೂ ಇಲ್ಲಪ್ಪ. ಬಯಲು."

"ಊರ ಮಂದಿ ಸತ್ತ ಮ್ಯಾಲೆ ಓಡಿ ಹೋಗಿ ತಗೀತಿ. ನಾ ಜೀವಂತ ಕುಂತೇನಿ, ನಂದೊಂದು ತಗಿಯಲ. ಕಿವಿ ಮಾತ್ರ ಸಣ್ಣಾವು ಹಾಕು."

ದೊಡ್ಡ ಕಲಾವಿದನೆಂಬ ಸೊಕ್ಕು ನನಗೆ. ಮೂಗು ಕಿವಿ ಬರೆಯುವುದು ಹೊಟ್ಟೆಪಾಡು, ಅದನ್ನು ಮನೆಯೊಳಗೂ ತರಬೇಕೆ? "ಮುಂದಿನ ಸೂಟ್ಯಾಗ ತಗೀತೇನಪ್ಪ" ಎನ್ನುತ್ತಿದ್ದೆ. ನಾಲ್ಕು ಸೂಟಿ ಹಾಗೇ ಹೋದವು. ಐದನೆಯ ಸಲ ಅಪ್ಪ ಹಾಸಿಗೆ ಹಿಡಿದಿದ್ದ. ಆಗಲೂ ಅದೇ ಮಾತು ಹೇಳಿದೆ.

"ತಮ್ಮಾ, ಚಿತ್ರಾ ತಗ್ಯಾಕ ನಿನಗ ಸೂಟಿ ಬೇಕು" ಎಂದ. "ಸಾಯಾಕ ನನಗ ಬೇಕಾಗಿಲ್ಲ ನೋಡು."

ಎಲ್ಲರೂ ಒಪ್ಪಿದ ಚಿತ್ರ

ಮುಂದಿನ ಸೂಟಿ ಬರುವುದರೊಳಗೆ ಅಪ್ಪ ಹೋದ. ಸಿಂದಗಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಗೋಡೆಗೆ ಕೂಡಿಸಿದ್ದರು. ಅಪ್ಪನ ತಮ್ಮ, ನಮ್ಮ ಕಾಕಾ, ನನ್ನ ಕೈಗೆ ಕಾಗದ, ಇದ್ದಲು ಕೊಟ್ಟ. "ಜಲ್ದಿ ತಗಿ, ಹೊತ್ತು ಮುಳಗತೈತಿ."

ತಲೆಗೊಂದು ವರ್ತುಲ ಎಳೆದೆ. ಹಣೆಗೆ ಮೂರು ಗೆರೆ ವಿಭೂತಿ ಎಳೆದೆ. ಕಣ್ಣಿಗೆ ಬಂದಾಗ ಕೈ ನಿಂತಿತು. ಅಪ್ಪನ ಕಣ್ಣು ಹೇಗಿದ್ದವು? ಎಷ್ಟೋ ಸಲ ಚಷ್ಮಾ ಏರಿಸಿ ನನ್ನ ಚಿತ್ರ ನೋಡಿದ್ದ. ನಾನು ಮಾತ್ರ ಅಷ್ಟೂ ಸಲ ಚಿತ್ರವನ್ನೇ ನೋಡುತ್ತ ನಿಂತಿದ್ದೆ. ಮುದ್ದೇಬಿಹಾಳದ ಆ ಮೂವರಿಗಾದರೂ ಅಪ್ಪನ ಹೆದರಿಕೆ ಇತ್ತು. ನನಗೆ ಯಾವ ನೆವ? ಇದ್ದಲು ಕೆಳಗಿಟ್ಟೆ. ಹೊತ್ತು ಮುಳುಗಿತು, ಅಪ್ಪನನ್ನು ಒಯ್ದರು.

ತಿರುಗಿ ಬಂದಾಗ ಅದೇ ಕಾಗದಕ್ಕೆ ಯಾರೋ ಹೂವು ಏರಿಸಿ ಗೋಡೆಗೆ ಹಚ್ಚಿದ್ದರು. ನಾಚಿಕೆಯಿಂದ ಕಿತ್ತು ಹಾಕಲು ಎದ್ದೆ. ಕಾಕಾ ತಡೆದ. "ಇರಲಿ ಬಿಡೋ. ಥೇಟ್ ಅಣ್ಣಾನಽ." ನೆರೆಮನೆಯವ ಕತ್ತು ಓರೆ ಮಾಡಿ ನೋಡಿ, "ಮೂಗು ಛಲೋ ಕುಂತೈತ್ರಿ" ಎಂದ. ಬರೆಯದ ಮೂಗು! ಕಣ್ಣು ಮೂಗು ತಿದ್ದಿ ತೀಡಿ ಬರೆದ ಒಂದು ಚಿತ್ರವನ್ನೂ ಯಾವ ಮನೆಯವರೂ ತಕರಾರಿಲ್ಲದೆ ಒಪ್ಪಿರಲಿಲ್ಲ. ಇದನ್ನು ಎಲ್ಲರೂ ಒಪ್ಪಿದರು.

ಅವ್ವ ಕಂದೀಲು ಹತ್ತಿರ ತರಿಸಿ, ಬರೀ ವರ್ತುಲದ ಆ ಬದಿ ಈ ಬದಿ ಬೆರಳಾಡಿಸಿ ನೋಡಿದಳು. ಆಮೇಲೆ ನನ್ನ ತಲೆ ಸವರಿದಳು.

"ಕಿವಿ, ಅವ ಹೇಳಿದಂಗಽ ಸಣ್ಣಾವು ಹಾಕೀದಿ ಬಿಡಪ್ಪ."