ಅಳಿಯನ ಜೇಬಿನ ಫ್ಯೂಸು

ನನ್ನ ಅಳಿಯನಂಥ ಕಳ್ಳ ಇಡೀ ಚಳ್ಳಕೆರೆಯಲ್ಲಿ ಇನ್ನೊಬ್ಬನಿಲ್ಲ! ಬಂಗಾರ ಮುಟ್ಟುವವನಲ್ಲ. ಫ್ಯೂಸು ಕದಿಯುತ್ತಾನೆ!

ಶೇಂಗಾ ಎಣ್ಣೆ ಮಿಲ್ಲಿನಲ್ಲಿ ರಿಪೇರಿ ಕೆಲಸ ಅವನದು. ಯಾವ ಮಿಷನ್ನಿಗೆ ಕೈ ಹಾಕಬೇಕಾದರೂ ಮೊದಲು ಅದರ ಫ್ಯೂಸು ಕಿತ್ತು ಜೇಬಿಗಿಳಿಸುತ್ತಾನೆ. ರಿಪೇರಿಗೆ ಮಿಷನ್ನಿನ ಒಳಗೆ ಇಳಿದವನು ಹೊರಗೆ ಬಂದು ತಾನೇ ಕೇಳುವವರೆಗೆ ಯಾರಿಗೂ ಕೊಡುವುದಿಲ್ಲ.

"ಚೆನ್ನಾಗಿ ಓಡೋ ಮಿಷನ್ ಯಾಕಲೇ ನಿಲ್ಲಿಸ್ತೀಯ?" ಅಂತ ಸಾಹುಕಾರರು ಕೂಗಾಡುತ್ತಾರೆ.

"ನಾವು ನಿಲ್ಲಿಸಿದ್ರೆ ಒಂದು ಹೊತ್ತು ನಿಲ್ತೈತೆ. ಅದಾಗೇ ನಿಂತ್ರೆ ಸುಗ್ಗಿನಾಗೆ ನಿಲ್ತೈತೆ ಸಾವ್ಕಾರ್ರೆ!"

ಮಗಳ ಹೆರಿಗೆ ಬಾಣಂತನಕ್ಕೆಂದು ಮೊಳಕಾಲ್ಮುರಿನಿಂದ ಬಂದೆ ನೋಡಿ, ಮನೆಯಲ್ಲೂ ಅದೇ ಕಥೆ! ಮಿಕ್ಸಿ ಜಾರು ತೊಳೆಯುತ್ತಿದ್ದೆ. ಫ್ಯಾನು ನಿಂತಿತು, ದೀಪ ಆರಿತು. ಬಾಗಿಲಲ್ಲಿ ಅಳಿಯ, ಜೇಬಿನ ಮೇಲೆ ಕೈ.

"ಬ್ಲೇಡ್ ಐತೆ, ಹುಷಾರು ಅತ್ತೆ."

"ಜಾರು ಬಚ್ಚಲಾಗೆ ಐತೆ, ಮಿಕ್ಸಿ ಅಡಿಗೆಮನೆಯಾಗೆ ಐತಲ್ರೀ!"

"ಇರ್ಲಿ ಬಿಡ್ರಿ."

ಇಂಥವನಿಗೆ ಹುಚ್ಚು ಅನ್ನದೆ ಇನ್ನೇನು ಅನ್ನಲಿ? ಮಗಳ ಮುಂದೆ ಹೇಳಿಕೊಂಡು ನಕ್ಕೆ. ಅವಳು ನಗಲಿಲ್ಲ.

"ಅವ್ವ, ಇವರ ತಮ್ಮ ಬೇರೆ ಮಿಲ್ಲಿನಾಗೆ ಇದೇ ಕೆಲಸ ಮಾಡ್ತಿದ್ದ. ಸಿಕ್ಕಿಕೊಂಡ ಹಿಂಡಿ ತೆಗೆಯಾಕೆ ಒಳಗೆ ಇಳಿದಿದ್ದ. ಹೊರಗಿದ್ದೋನಿಗೆ ಗೊತ್ತಾಗಲಿಲ್ಲ, ಗುಂಡಿ ಒತ್ತಿಬಿಟ್ಟ. ಹೊರಗೆ ತೆಗೆದೋರು ಇವರೇ."

ಆಮೇಲೆ ಮನೆ ಕತ್ತಲಾದಾಗಲೆಲ್ಲ ಬೀಸಣಿಗೆ ಹಿಡಿದು ಸುಮ್ಮನೆ ಕೂತೆ.

ಹೆರಿಗೆಯ ದಿನ ಆಸ್ಪತ್ರೆಯಿಂದ ಫೋನು ಹೋದದ್ದೇ ತಡ, ಮಿಲ್ಲಿನಿಂದ ಓಡಿ ಬಂದ. ಬಲಗೈ ಮುಷ್ಟಿ ಬಿಗಿದಿತ್ತು. ನರ್ಸಮ್ಮ ಕೂಸನ್ನು ತಂದರು. ಹೆಣ್ಣು ಕೂಸು! ಅಯ್ಯೋ, ನನ್ನ ಬಂಗಾರವೇ! ನನಗೆ ಕುಣಿಯುವುದೊಂದು ಬಾಕಿ! ಎರಡು ಕೈಯೂ ಬೇಕಲ್ಲ ಎತ್ತಿಕೊಳ್ಳಲು? ಅಳಿಯ ಮುಷ್ಟಿ ಬಿಚ್ಚಿದ. ಫ್ಯೂಸು!

"ಇಟ್ಕೊಳ್ರಿ ಅತ್ತೆ. ಮಿಲ್ಲಿನಾಗೆ ಮಿಷನ್ ಒಳಗೆ ಒಬ್ಬ ಇದಾನೆ. ಅವನೇ ಬಂದು ಕೇಳಬೇಕು."

ಯಾರಿಗೂ ಕೊಡದವನು ನನಗೆ ಕೊಟ್ಟ! ಎಲೆಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಷ್ಟರಲ್ಲಿ ಮಿಲ್ಲಿನ ಗುಮಾಸ್ತ ಬಂದ. ಅಳಿಯ ಕಣ್ಣಲ್ಲೇ ನನ್ನನ್ನು ತೋರಿಸಿದ. "ಕೊಡಜ್ಜಿ, ಸಾವ್ಕಾರ್ರು ಕುಣೀತಿದಾರೆ."

"ಒಳಗಿದ್ದೋನು ಹೊರಗೆ ಬಂದ್ನಾ?"

"ಬಂದಿರ್ತಾನೆ ಬಿಡಜ್ಜಿ."

"ಬಂದಿರ್ತಾನಂತೆ! ಇಲ್ಲಿ ಕೂಸು ಹುಟ್ಟೈತೆ ಕಣಪ್ಪ, ಸಾವು ಬ್ಯಾಡ. ಹೋಗಿ ಅವನ್ನೇ ಕಳಿಸು!"

ಗೊಣಗುತ್ತ ಹೋದ. ಬಹಳ ಹೊತ್ತಿನ ಮೇಲೆ ಆ ಮನುಷ್ಯ ಬಂದ. ತಲೆಯಿಂದ ಕಾಲಿನವರೆಗೆ ಹಿಂಡಿ ಧೂಳು. "ಆಗ ಇನ್ನೂ ಒಳಗೇ ಇದ್ದೆ ಅಜ್ಜಿ," ಅಂದ. ಕೂಸಿಗೆ ಧೂಳು ತಾಗೀತೆಂದು ದೂರವೇ ನಿಂತು ಇಣುಕಿ ನಕ್ಕ. ಅವನ ಎರಡೂ ಕೈ ನೋಡಿದೆ. ಫ್ಯೂಸಿಗೆ ಅಂಟಿದ ಸುಣ್ಣ ಸೆರಗಲ್ಲಿ ಒರೆಸಿ ಕೊಟ್ಟೆ.

ತಿರುಗಿ ನೋಡಿದರೆ ಅಳಿಯ ಕೂಸಿನ ಮುಷ್ಟಿ ಬಿಡಿಸಿ ಒಂದೊಂದೇ ಬೆರಳು ಮುಟ್ಟುತ್ತಿದ್ದ.

"ಎಲ್ಲಾ ಐದಾವೇನ್ರಿ ಅಳಿಯಂದ್ರೆ?"

"ಐದಾವೆ ಅತ್ತೆ," ಅಂದವನು ಕೂಸಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ.