ತೌಡಿಗೆ ಮಾರಿದ ನಾಯಿಮರಿ

ಯಾವುದು ಯಾರದು ಎಂದು ಹೇಳಿ ಹೊಟ್ಟೆ ಹೊರೆಯುವವನು ನಾನು. ಮಧುಗಿರಿಯ ಕೋರ್ಟಿನಲ್ಲಿ ಪ್ಲೀಡರು. ಬದುವಿನ ಮೇಲಿನ ಹುಣಸೆಮರ ಅಣ್ಣನದೋ ತಮ್ಮನದೋ, ಮರ ಅಣ್ಣನದಾದರೆ ತಮ್ಮನ ಹೊಲದೊಳಕ್ಕೆ ಚಾಚಿದ ಕೊಂಬೆಯ ಹಣ್ಣು ಯಾರದು, ಆ ಹಣ್ಣಿಗೆ ಬಂದ ಕೋತಿಯನ್ನು ಓಡಿಸಬೇಕಾದವರು ಯಾರು ಎಂಬಂಥ ಪ್ರಶ್ನೆ ಬಂದರೆ ಸಾಕು, ಕರಿಕೋಟು ಕೊಡವಿಕೊಂಡು ಎದ್ದು ನಿಂತು, ಎದುರು ಪಕ್ಷದ ಪ್ಲೀಡರಿಗೆ ಆಕಳಿಕೆ ಬರುವವರೆಗೆ ಮಾತಾಡಬಲ್ಲೆ. ಅಂಥವನು ನಾನು, ನಮ್ಮ ಜಗಲಿಯ ಮೇಲೆ ಮಲಗಿರುವ ನಾಯಿ ಯಾರದು ಎಂದು ಯಾರಾದರೂ ಕೇಳಿದರೆ ಮಾತ್ರ ಮಾತು ಬದಲಾಯಿಸುತ್ತೇನೆ. ಏಕೆಂಬುದನ್ನು ಕಕ್ಷಿಗಾರರ ಮುಂದೆ ಹೇಳುವಂತಿಲ್ಲ. ನಿಮ್ಮ ಮುಂದೆ ಹೇಳಿದರೆ ನಷ್ಟವೇನೂ ಇಲ್ಲ. ನಿಮ್ಮಿಂದ ನನಗೆ ಫೀಜು ಬರುವುದಿಲ್ಲವಲ್ಲ.

ಮೊದಲು ನನ್ನ ಹೆಸರಿನ ವಿಚಾರ ಮುಗಿಸಿಬಿಡುತ್ತೇನೆ. ಮನೆಯ ಮುಂದಿನ ಬೋರ್ಡಿನಲ್ಲಿ 'ಜಿ. ಟಿ. ಸ್ವಾಮಿ, ಪ್ಲೀಡರ್' ಎಂದಿದೆ. ಆ 'ಟಿ' ಏನೆಂದು ಯಾರಾದರೂ ಕೇಳಿದರೆ ನನಗೆ ಕೆಮ್ಮು ಬರುತ್ತದೆ. ಅದು ತಿಪ್ಪಯ್ಯ. ನನಗಿಂತ ಮೊದಲು ಹುಟ್ಟಿದ ಇಬ್ಬರು ತೊಟ್ಟಿಲಲ್ಲೇ ಹೋಗಿಬಿಟ್ಟರಂತೆ. ನನ್ನನ್ನಾದರೂ ಉಳಿಸಿಕೊಳ್ಳೋಣವೆಂದು ಅವ್ವ ನಮ್ಮ ಕಡೆಯ ಹೆಂಗಸರು ಮಾಡುವುದನ್ನೇ ಮಾಡಿದಳು. ಹಿತ್ತಲ ತಿಪ್ಪೆಯ ಮೇಲೆ ನನ್ನನ್ನು ಮಲಗಿಸಿ, 'ಇದು ನಂದಲ್ಲ' ಎಂದು ಹೇಳಿ, ತಿರುಗಿ ನೋಡದೆ ಹೊರಟಳು. ಹಿತ್ತಲ ಗೋಡೆಯಾಚೆ ಮೇಕೆ ಸಾಕಿಕೊಂಡಿದ್ದ, ಹೆತ್ತದ್ದನ್ನೆಲ್ಲ ಉಳಿಸಿಕೊಂಡಿದ್ದ ಈರಜ್ಜಿ ಬಂದು, ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಆಮೇಲೆ 'ನಮ್ಮ ಕೂಸು, ನೀನು ಸಾಕಿಕೊಡವ್ವ' ಎಂದು ಅವ್ವನ ಕೈಗೇ ಕೊಟ್ಟಳು. ಯಮನ ಕಡೆಯವರು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಕೂಸೇ ಇಲ್ಲ, ಇರುವುದು ತಿಪ್ಪೆಯಲ್ಲಿ ಸಿಕ್ಕಿದ ಯಾರದೋ ಮಾಲು ಎಂಬ ಲೆಕ್ಕ. ಅಂತೂ ನಾನು ಉಳಿದೆ. ನನ್ನ ಜೊತೆಗೆ ಹೆಸರೂ ಉಳಿಯಿತು.

ನಾಯಿಮರಿ ಬಂದದ್ದು ಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ. ಕೊಡಿಗೇನಹಳ್ಳಿಯ ಕಡೆ ಒಂದು ಬಾವಿಯ ವ್ಯಾಜ್ಯ ನೋಡಲು ಹೋಗಿದ್ದೆ. ಕುರಿ ಸಾಕುವ ನನ್ನ ಕಕ್ಷಿಗಾರ ಹೊರಡುವ ಹೊತ್ತಿಗೆ ಕಂಬಳಿಯೊಳಗಿಂದ ಒಂದು ಕಂದು ಮರಿ ತೆಗೆದು, "ಮಂಚಿ ಕುಕ್ಕ ಸ್ವಾಮಿ, ಮಡಿಕ್ಕಳಿ" ಎಂದು, ಒಳ್ಳೇ ನಾಯಿಯೆಂದು ತೆಲುಗು ಬೆರೆಸಿ ಹೊಗಳಿ, ಮಡಿಲಿಗೇ ಹಾಕಿದ. ಬಸ್ಸು ಏರು ಸಿಕ್ಕಿದಲ್ಲೆಲ್ಲ ನಿಲ್ಲುತ್ತಿತ್ತು, ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ತಳ್ಳುವಾಗ ಮರಿ ಬೀಳದಿರಲೆಂದು ಜರಿಯ ರುಮಾಲು ಬಿಚ್ಚಿ ಅದರಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಊರು ಮುಟ್ಟುವ ಹೊತ್ತಿಗೆ ರುಮಾಲು ತಲೆಗೆ ಸುತ್ತಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆದರೂ ಮನಸ್ಸು ಉಬ್ಬಿತ್ತು. ಮನೆಯಲ್ಲಿ ಒಬ್ಬರಿಗಾದರೂ ಘನವಾದ ಹೆಸರಿರಲಿ ಎಂದು ಅದಕ್ಕೆ 'ಡ್ಯೂಕ್' ಎಂದು ಹೆಸರಿಟ್ಟೆ. ನನ್ನ ಮಗಳು ಗೌರಿ, ಆಗಿನ್ನೂ ಮುಂದಿನ ಹಲ್ಲು ಬಿದ್ದಿದ್ದವಳು, ಅದನ್ನು 'ಡೂಕು' ಮಾಡಿದಳು. ಅವ್ವ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಜಗಲಿಗೆ ಬಂದವಳು ಒಂದು ಸಲ ಮರಿಯನ್ನೂ ಒಂದು ಸಲ ನನ್ನ ರುಮಾಲನ್ನೂ ನೋಡಿ, "ಇದು ನಂದಲ್ಲ. ಪೂಜೆ ಕೋಣೆ ಕಡೆ ಸುಳಿದ್ರೆ ಇದನ್ನೂ ನಿನ್ನನ್ನೂ ಒಟ್ಟಿಗೇ ಆಚೆ ಹಾಕ್ತೀನಿ" ಎಂದಳು.

ಅಂದಿನಿಂದ ಅದೇ ಅವಳ ಪಲ್ಲವಿಯಾಯಿತು. ಮರಿ ಬತ್ತಿಗೆ ಇಟ್ಟಿದ್ದ ಹತ್ತಿ ಎಳೆದಾಡಿದರೆ, "ನಂದಲ್ಲಪ್ಪ, ಇದರ ಯಜಮಾನ ಯಾರೋ ಅವನನ್ನ ಕರೀರಿ." ಬೀದಿಯವರು ಎಷ್ಟು ಚೆನ್ನಾಗಿದೆ ಎಂದರೂ, "ನಂದಲ್ಲ." ನನ್ನ ಹೆಂಡತಿ ನೀಲಮ್ಮ ಮುಸಿಮುಸಿ ನಗುತ್ತಿದ್ದಳು. ನಗುವಂಥದ್ದೇನಿದೆಯೋ ಎಂದು ನಾನು ಸಿಡುಕುತ್ತಿದ್ದೆ.

ನಗುವಂಥದ್ದೇನೆಂದು ತಿಳಿದದ್ದು ಮರಿ ಕಾಯಿಲೆ ಬಿದ್ದ ದಿನ. ಬಂದು ತಿಂಗಳಾಗಿತ್ತೋ ಇಲ್ಲವೋ, ಒಂದು ಬೆಳಿಗ್ಗೆ ಅದು ಏಳಲೇ ಇಲ್ಲ. ಕಣ್ಣಿಗೆ ಪಿಸುರು ಕಟ್ಟಿತ್ತು, ಮೂಗು ಒಣಗಿ ಸುಡುತ್ತಿತ್ತು. ಕುಡಿಸಿದ ನೀರನ್ನೂ ಕಕ್ಕಿತು. ನಾನು ತಕ್ಷಣ ವಿಚಾರಣೆ ನಡೆಸಿದೆ: ಯಾರು ಯಾರು ಏನೇನು ತಿನ್ನಿಸಿದಿರಿ? ನೀಲಮ್ಮ ಬೆಳಿಗ್ಗೆ ಹಾಲಿನ ಕೆನೆ ಹಾಕುತ್ತಿದ್ದಳಂತೆ. ಗೌರಿ ತನ್ನ ಮುದ್ದೆಯಲ್ಲಿ ಅರ್ಧ ಕೊಡುತ್ತಿದ್ದಳಂತೆ. ನಾನು ಸಾಯಂಕಾಲ ಕೋಟಿನ ಜೇಬಿನಲ್ಲಿ ಖಾರಾಸೇವೆ ತರುತ್ತಿದ್ದ ವಿಚಾರವನ್ನು ನನ್ನ ಕಡೆಯ ಸಾಕ್ಷ್ಯದಲ್ಲಿ ಬಿಟ್ಟುಬಿಟ್ಟಿದ್ದೆ, ನೀಲಮ್ಮ ಸೇರಿಸಿದಳು. ಅವ್ವನ ಸರದಿ ಬಂದಾಗ ಅವಳು ಗೋಡೆ ನೋಡುತ್ತ ಕೂತಳು. ಗೌರಿಯೇ ಹೇಳಿದಳು, ಅಜ್ಜಿ ದಿನಾ ಪೂಜೆಯಾದ ಮೇಲೆ ಹಿತ್ತಲಲ್ಲಿ ಬಾಳೆಹಣ್ಣು ಕಲಸಿದ ಹಾಲು ಕೊಡುತ್ತಿದ್ದಳೆಂದು. ದೇವರ ಪ್ರಸಾದ ಬಿಸಾಕೋಕಾಗುತ್ತದೆಯೇ, ಯಾವುದೋ ಪ್ರಾಣಿ ಬಂದು ತಿನ್ನುತ್ತಿತ್ತು, ಯಾವ ಪ್ರಾಣಿಯೆಂದು ತಾನು ನೋಡಲಿಲ್ಲ ಎಂದು ಅವ್ವ ಹೇಳಿಕೆ ಕೊಟ್ಟಳು.

ತಪ್ಪು ನಮ್ಮ ಯಾರ ತಿಂಡಿಯದೂ ಅಲ್ಲವೆಂದು ದನದಾಸ್ಪತ್ರೆಯ ಡಾಕ್ಟರು ಹೇಳಿದರು. ಊರಿನ ಮರಿಗಳಿಗೆಲ್ಲ ಆಗ ಆ ಜಾಡ್ಯ ತಗುಲಿತ್ತಂತೆ. ಎತ್ತು ಎಮ್ಮೆಗಳನ್ನೇ ನೋಡಿ ಅಭ್ಯಾಸವಾಗಿದ್ದ ಅವರು ನನ್ನ ಮರಿಯನ್ನು, ಬೆಲ್ಲ ತೂಗುವ ತಕ್ಕಡಿಯಲ್ಲಿ ಯಾರೋ ಏಲಕ್ಕಿ ತಂದಿಟ್ಟರು ಎಂಬಂತೆ ನೋಡಿದರು. ಒಂದು ಕಹಿ ಪುಡಿ ಕೊಟ್ಟರು. ಹೊರಡುವಾಗ ದನಿ ತಗ್ಗಿಸಿ, ಇಂಥವು ಉಳಿಯುವುದು ಕಡಿಮೆ, ಮಗುವಿನ ಕಣ್ಣೆದುರು ಇಡಬೇಡಿ ಎಂದರು. ಮರಿಗೆ ಬಿಸಿಲು ತಾಕದಂತೆ ಕೊಡೆ ಹಿಡಿದುಕೊಂಡು ಬಂದೆ. ಕೋರ್ಟಿನಲ್ಲಿ ಎಷ್ಟೋ ಮೊಕದ್ದಮೆ ಸೋತು ಇದೇ ದಾರಿಯಲ್ಲಿ ಬಂದಿದ್ದೇನೆ. ಅಷ್ಟು ದುಃಖ ಯಾವತ್ತೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೌರಿ, "ಡಾಕ್ಟ್ರು ಏನಂದ್ರಪ್ಪಾ?" ಎಂದು ಕೇಳಿದಾಗ, ದಿನವಿಡೀ ಮಾತು ಮಾರುವ ನಾನು ಕೊಡೆ ಮಡಚುವ ನೆಪದಲ್ಲಿ ತಲೆ ತಗ್ಗಿಸಿದೆ.

ಅವ್ವ ನನ್ನ ಮುಖ ನೋಡಿದಳು. ಬಂದು ಕೂತು, ಮೊಟ್ಟಮೊದಲ ಸಲ ನಮ್ಮೆಲ್ಲರ ಎದುರಿಗೇ ಮರಿಯನ್ನು ಮುಟ್ಟಿದಳು. ಜ್ವರದ ಕೂಸಿಗೆ ಮುಟ್ಟಿ ನೋಡುವ ಹಾಗೆ, ಅಂಗೈಯನ್ನು ತಿರುಗಿಸಿ ಅದರ ಹೊಟ್ಟೆಗೆ ಹಚ್ಚಿದಳು. ಕೈ ತೆಗೆಯದೆ ಹೇಳಿದಳು:

"ಇಬ್ಬರನ್ನ ಹಿಂಗೇ ಮಡ್ಲಲ್ಲಿ ಇಟ್ಕೊಂಡು ಕಳಕೊಂಡೆ ಕಣೋ ತಿಪ್ಪಾ. ಹೊರಟು ನಿಂತೋರನ್ನ ತಡೆಯೋಕೆ ನಂಗೆ ಗೊತ್ತಿರೋದು ಒಂದೇ ದಾರಿ."

ನಾಯಿಗೆಲ್ಲ ಆ ಶಾಸ್ತ್ರ ನಡೆಯುತ್ತದೆಯೇ ಎಂದು ನಾನು ಅನುಮಾನಿಸಿದ್ದಕ್ಕೆ, ನನ್ನನ್ನು ಮಾರಿದ ದಿನ ನನಗೆ ಬಾಲ ಇದೆಯೋ ಇಲ್ಲವೋ ಎಂದು ಯಾರೂ ತಿರುಗಿಸಿ ನೋಡಿರಲಿಲ್ಲ ಎಂದಳು.

ಆದರೆ ಕೊಳ್ಳುವವರು ಬೇಕಲ್ಲ. ಹೆತ್ತದ್ದೆಲ್ಲ ಉಳಿದ ಮನೆಯೇ ಆಗಬೇಕು. ಅಂಥ ಮನೆ ಹತ್ತಿರದಲ್ಲಿದ್ದದ್ದು ಒಂದೇ, ಹಿತ್ತಲಾಚೆಯದು. ಈರಜ್ಜಿ ತೀರಿಕೊಂಡು ಈಗ ಅಲ್ಲಿ ಮೇಕೆಗಳನ್ನು ಆಳುತ್ತಿದ್ದವಳು ಅವಳ ಸೊಸೆ ಹನುಮಕ್ಕ. ಹನುಮಕ್ಕನಿಗೂ ಅವ್ವನಿಗೂ ಮಾತು ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅವ್ವ ಸಿದ್ದರಬೆಟ್ಟದಿಂದ ಸೆರಗಿನಲ್ಲಿ ಸುತ್ತಿ ತಂದು, ಪೂಜೆಗೆಂದು ನೆಟ್ಟು ಬೆಳೆಸಿದ್ದ ಬಿಲ್ವದ ಸಸಿಯನ್ನು ಹನುಮಕ್ಕನ ಕರಿ ಮೇಕೆ ಬುಡದವರೆಗೆ ಮೇದುಬಿಟ್ಟಿತ್ತು. ಅವ್ವ ಮೇಕೆಯ ವಂಶವನ್ನೆಲ್ಲ ಬೈದಳು. ನಿಮ್ಮ ಶಿವ ಮೇಕೆಗೂ ಶಿವನೇ ಅಲ್ಲವೇ ಎಂದು ಹನುಮಕ್ಕ ಕೇಳಿದಳು. ನಾನು ನಡುವೆ ಹೋಗಿ ರಾಜಿ ಮಾಡಿಸಲು ನೋಡಿದೆ; ಇಬ್ಬರೂ ಸೇರಿ ನನ್ನನ್ನು ಬೈದರು. ಅವರು ಒಮ್ಮತಕ್ಕೆ ಬಂದದ್ದು ಅಷ್ಟರಲ್ಲೇ.

ಆ ಮಧ್ಯಾಹ್ನ ಅವ್ವ ಸೆರಗು ಹೊದ್ದುಕೊಂಡು ಹಿತ್ತಲ ಗೋಡೆಯ ಹತ್ತಿರ ಹೋಗಿ, "ಹನುಮಕ್ಕಾ" ಎಂದು ಕರೆದಳು. ಆ ಕಡೆ ಸೊಪ್ಪು ಕಡಿಯುತ್ತಿದ್ದ ಮಚ್ಚಿನ ಸದ್ದು ನಿಂತಿತು.

"ಒಂದು ಕೂಸು ಮಾರೋದೈತೆ. ತಗೊಂತೀಯಾ?"

ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದಳೋ ಏನೋ, ಹನುಮಕ್ಕ ಮಚ್ಚನ್ನು ನೆಲಕ್ಕೆ ಹಾಕಿದ್ದು ಕೇಳಿಸಿತು. ಆಮೇಲೆ, "ಇರಿ ಅಮ್ಮೋರೆ, ತೌಡು ತತ್ತೀನಿ" ಎಂದಳು. ಯಾವ ಕೂಸು, ಏನು ಎತ್ತ ಎಂದು ಕೇಳಲೇ ಇಲ್ಲ.

ಮರಿಯನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ತಿಪ್ಪೆಯ ಮೇಲೆ ಮಲಗಿಸಿದೆವು. ಡ್ಯೂಕ್ ಗೀಕ್ ಎಂಬ ಹೆಸರಿಗೇ ದೃಷ್ಟಿ ತಾಕಿದ್ದು, ಇನ್ನು ಮೇಲೆ ಇದು ತೌಡ ಎಂದು ಅವ್ವ ಆಜ್ಞೆ ಮಾಡಿದಳು. ಹನುಮಕ್ಕ ಮೊರ ಹಿಡಿದು ಬಂದು, ಶಾಸ್ತ್ರದಂತೆ ಗಟ್ಟಿಯಾಗಿ ಕೇಳಿದಳು:

"ಯಾರದವ್ವ ಈ ಕೂಸು?"

ಅವ್ವ ಹೇಳಬೇಕಾದದ್ದು ಒಂದೇ ಮಾತು. ಒಂದು ತಿಂಗಳಿಂದ ಎದ್ದರೆ ಕೂತರೆ ಹೇಳುತ್ತಿದ್ದ ಮಾತು. ಅದು ಬಾಯಿಂದ ಹೊರಡಲಿಲ್ಲ. ಗೌರಿ ನನ್ನ ಪಂಚೆ ಹಿಡಿದುಕೊಂಡಳು. ಹನುಮಕ್ಕ ಇನ್ನೊಂದು ಸಲ, ಈ ಸಲ ಮೆಲ್ಲಗೆ, ಕೇಳಿದಳು. "ನಂದಲ್ಲ ಕಣವ್ವ" ಎಂದಳು ಅವ್ವ. ತಿರುಗಿ ನೋಡದೆ ಮನೆಯ ಕಡೆ ನಡೆದಳು. ಸೆರಗಿನಿಂದ ಮುಖ ಒರೆಸಿಕೊಂಡದ್ದರಲ್ಲಿ ಹಣೆಯ ವಿಭೂತಿಯೆಲ್ಲ ಅಳಿಸಿಹೋಗಿತ್ತು. ನಾನೂ ಅತ್ತೆ. ಪ್ಲೀಡರು ಅಳಬಾರದೆಂದು ಯಾವ ಕಾಯಿದೆಯಲ್ಲೂ ಇಲ್ಲ.

ಈರಜ್ಜಿ ನನ್ನನ್ನು ಕೊಟ್ಟ ಹಾಗೆ ಹನುಮಕ್ಕ ಮರಿಯನ್ನು ಆಗಲೇ ವಾಪಸ್ಸು ಕೊಡಲಿಲ್ಲ. ಇದು ಎದ್ದು ಓಡಾಡುವವರೆಗೆ ತನ್ನ ಮನೆಯಲ್ಲೇ ಇರಲಿ, ಹುಡುಕಿಕೊಂಡು ಬಂದವರಿಗೆ ಅನುಮಾನ ಬರಬಾರದು ಎಂದು ಎತ್ತಿಕೊಂಡು ಹೋದಳು. ಡಾಕ್ಟರ ಪುಡಿಯನ್ನೂ ತೆಗೆದುಕೊಂಡು ಹೋದಳು. ಬಟ್ಟೆಯ ಬತ್ತಿ ಮಾಡಿ ಆ ಕರಿ ಮೇಕೆಯ ಹಾಲನ್ನೇ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟಳು. ಅದು ತಿಳಿದಾಗ ಅವ್ವ ಏನನ್ನುತ್ತಾಳೋ ಎಂದು ನಾನು ಹೆದರಿದ್ದೆ. ಬಿಲ್ವ ತಿಂದ ಮೇಕೆ, ಅದರ ಹಾಲು ತೀರ್ಥವಿದ್ದಂತೆ ಎಂದುಬಿಟ್ಟಳು. ಮಾರಿದವಳು ನೋಡಬಾರದು ಎಂಬ ನಿಯಮವಿದ್ದದ್ದರಿಂದ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಕೋರ್ಟಿಗೆ ಹೋಗುವ ಮುಂಚೆ, ಬಂದ ಮೇಲೆ, ಒರಳುಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಇಣುಕುತ್ತಿದ್ದೆ. ಕೆಳಗೆ ಅವ್ವ, ನೀಲಮ್ಮ, ಗೌರಿ ತಲೆಯೆತ್ತಿ ನಿಂತಿರುತ್ತಿದ್ದರು. "ಮಲಗಿದೆ." "ಉಸಿರಾಡ್ತಿದೆ." "ಒಂದು ಕಣ್ಣು ಬಿಟ್ಟಿದೆ." ನನ್ನ ಮಾತನ್ನು ನ್ಯಾಯಾಧೀಶರು ಕೂಡ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಒಂದು ಬೆಳಿಗ್ಗೆ ಇಣುಕಿದರೆ, ತೌಡ ಎದ್ದು ನಿಂತು, ತೂರಾಡುತ್ತ, ಕರಿ ಮೇಕೆಯ ಬಾಲ ಹಿಡಿದು ಜಗ್ಗುತ್ತಿತ್ತು. ಅದನ್ನು ಹೇಳುವ ಭರದಲ್ಲಿ ನಾನು ಒರಳಿನಿಂದ ಬಿದ್ದೆ. ನನ್ನನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಒರಳು ಹತ್ತುವುದರಲ್ಲಿದ್ದರು. ನೋಡಬಾರದೆಂಬ ನಿಯಮದ ಅವ್ವನೇ ಮೊದಲು.

ಒಂದು ಹಿಂಗಾಲು ಮಾತ್ರ ಇವತ್ತಿಗೂ ನಡುಗುತ್ತದೆ. ಮರಿ ಬದುಕಿದ್ದು ತಮ್ಮ ಪುಡಿಯಿಂದ ಎಂದು ಡಾಕ್ಟರು, ಮೇಕೆ ಹಾಲಿನಿಂದ ಎಂದು ಹನುಮಕ್ಕ. ಅವ್ವ ಏನನ್ನುತ್ತಾಳೆಂದು ಹೇಳಬೇಕಾಗಿಲ್ಲ.

ಇನ್ನು ಅದನ್ನು ಮನೆಗೆ ತರಬೇಕಿತ್ತು. ಗೌರಿ ಹಟ ಹಿಡಿದಳು. ನಾನು ಕೋಟು ಹಾಕಿಕೊಂಡು ಹನುಮಕ್ಕನ ಮನೆಯ ಮುಂಬಾಗಿಲಿಗೇ ಹೋದೆ. ಹಾಲು ಕರೆಯುತ್ತಿದ್ದವಳ ಮುಂದೆ ನಿಂತು, ತೌಡು ಕೊಟ್ಟದ್ದು ಬರೀ ಶಾಸ್ತ್ರಕ್ಕೆ, ಅದನ್ನು ಕ್ರಯವೆನ್ನಲಾಗದು, ಮಾಲಿನ ಮೇಲೆ ಮೊದಲಿನವರ ಹಕ್ಕು ಹಾಗೇ ಉಳಿದಿರುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಕರೆಯುವುದು ಮುಗಿಸಿ, ಚೊಂಬು ಪಕ್ಕಕ್ಕಿಟ್ಟು, ಆಯಿತೇ ಎಂದು ಕೇಳಿದಳು.

"ಅಂಗಾದ್ರೆ ನಿಮ್ಮನ್ನ ನಮ್ಮತ್ತೆ ಕೊಂಡಿದ್ದು? ಸಾಯೋಗಂಟ ಅಂತಿದ್ಲು, ಆ ಪ್ಲೀಡ್ರು ನಮ್ಮನೆ ಮಾಲು ಕಣಮ್ಮಿ, ಅವ್ರವ್ವ ಸಾಕ್ತಾವ್ಳೆ ಅಷ್ಟೇಯ ಅಂತ. ನಿಮ್ ಮದ್ವೇಲಿ ತೌಡು ವಾಪಸ್ ಕೊಟ್ಟು ಬುಡಿಸ್ಕೋಬೇಕಿತ್ತು. ನಿಮ್ಮವ್ವ ಬುಡಿಸ್ಕೊಳ್ನಿಲ್ಲ. ಲೆಕ್ಕಕ್ಕೆ ನೀವು ನಂಗೆ ಮೈದ. ನಮ್ಮನೆ ನಾಯಿನ ನಮ್ಮನೆಯೋರೇ ಬಂದು ಕೇಳ್ತಾರಾ?"

ಮಾಲೇ ಬಂದು ಮಾಲಿನ ಮೇಲೆ ದಾವೆ ಹೂಡಿದ್ದನ್ನು ನಾನು ಎಲ್ಲೂ ಓದಿಲ್ಲ. ಅವಳು ನಗುತ್ತ ತೌಡನನ್ನು ಎತ್ತಿ ನನ್ನ ಕೈಗಿಟ್ಟು, ಜೋಪಾನವಾಗಿ ಸಾಕಿ, ಇಬ್ಬರೂ ನಮ್ಮೋರೇ ಎಂದು ಕಳಿಸಿಕೊಟ್ಟಳು.

ಮನೆಗೆ ಬಂದವನೇ, ಅಕ್ಕಿ ಆರಿಸುತ್ತಿದ್ದ ಅವ್ವನನ್ನು ತರಾಟೆಗೆ ತೆಗೆದುಕೊಂಡೆ. ಮದುವೆಯಲ್ಲಿ ಬಂದವರಿಗೆಲ್ಲ ಉಡುಗೊರೆ ಕೊಟ್ಟಿರಿ, ಒಂದು ಮೊರ ತೌಡು ಕೊಟ್ಟು ನನ್ನನ್ನು ಬಿಡಿಸಿಕೊಳ್ಳುವುದು ಮರೆತಿರಾ ಎಂದು ಕೇಳಿದೆ. ಅವ್ವ ಮೊರದಿಂದ ತಲೆಯೆತ್ತಲಿಲ್ಲ.

"ಮರೀಲಿಲ್ಲ ಕಣೋ. ಬಿಡಿಸ್ಕೊಂಡ್ರೆ ನೀನು ನನ್ನೋನು ಅಂತ ಗೊತ್ತಾಗಿಬಿಡ್ತದಲ್ಲ. ನಂಗೆ ಈಗ್ಲೂ ಭಯ."

ನಾನು ಅಲ್ಲೇ, ತೌಡನ ಪಕ್ಕದಲ್ಲಿ ಕೂತುಬಿಟ್ಟೆ.

ಮೊನ್ನೆ ಕೊರಟಗೆರೆಯಿಂದ ದೂರದ ನೆಂಟರ ಹೆಂಗಸೊಬ್ಬರು ಬಂದಿದ್ದರು. ನಾನು ಜಗಲಿಯಲ್ಲಿ ಕಕ್ಷಿಗಾರರ ಮುಂದೆ ಒಂದು ಹುಣಸೆಮರದ ಬಗ್ಗೆ ಕೋರ್ಟಿನ ಧಾಟಿಯಲ್ಲಿ ಮಾತಾಡುತ್ತಿದ್ದೆ. ಕಾಲ ಬಳಿ ತೌಡ ಮಲಗಿತ್ತು. ಎಷ್ಟು ಚೆನ್ನಾಗಿ ಮಾತಾಡ್ತಾರೆ, ನಿಮ್ಮ ಮಗನೇ ಎಂದು ಆಕೆ ಒಳಗೆ ಅವ್ವನನ್ನು ಕೇಳಿದ್ದು ಕಿವಿಗೆ ಬಿತ್ತು. "ನಂದಲ್ಲವ್ವ, ತಿಪ್ಪೇಲಿ ಸಿಕ್ಕಿದ್ದು" ಎಂದಳು ಅವ್ವ. ಕಕ್ಷಿಗಾರರು ನನ್ನ ಮುಖ ನೋಡಿದರು. ಎದುರಿನವರ ಹೇಳಿಕೆಗೆ ಆಕ್ಷೇಪಣೆ ಎತ್ತದೆ ನಾನು ಸುಮ್ಮನೆ ಕೂತದ್ದು, ಇಷ್ಟು ವರ್ಷದ ಪ್ಲೀಡರಿಕೆಯಲ್ಲಿ ಅದೊಂದೇ ಸಲ.