ದಿವಂಗತ ಅಭಿಜ್ಞಾ ಅವರ ಉಪಸ್ಥಿತಿಯಲ್ಲಿ

ಪ್ರೇಮಿಗಳಿಬ್ಬರಲ್ಲಿ ಒಬ್ಬರಾದರೂ ಕೊನೆಯ ಪುಟದೊಳಗಾಗಿ ತೀರಿಕೊಂಡಿರತಕ್ಕದ್ದು ಎಂಬುದು ಶಿರಸಿಯ ಆರೋಗ್ಯ ಜಾಗೃತಿ ಸಾಹಿತ್ಯ ಸಮಿತಿಯು 2003ನೇ ಇಸವಿಯಲ್ಲಿ ಏರ್ಪಡಿಸಿದ್ದ ಕಾದಂಬರಿ ಸ್ಪರ್ಧೆಯ ಏಳನೆಯ ನಿಯಮವಾಗಿತ್ತು.

ಸ್ಪರ್ಧೆಯ ವಿಷಯ ‘ದೀರ್ಘಕಾಲೀನ ಕಾಯಿಲೆಯುಳ್ಳ ಹದಿಹರೆಯದವರ ಪ್ರೇಮ’. ಪ್ರೇಮಿಗಳು ನಾಡಿ ನೋಡುವ ಉದ್ದೇಶದ ಹೊರತು ಪರಸ್ಪರ ಮುಟ್ಟತಕ್ಕದ್ದಲ್ಲ ಎಂದು ಐದನೆಯ ನಿಯಮ ಹೇಳುತ್ತಿತ್ತು. ಕಾಯಿಲೆಯು ಓದುಗರಲ್ಲಿ ಮರುಕ ಹುಟ್ಟಿಸುವಂಥದ್ದಾಗಿರಬೇಕು, ಕಜ್ಜಿ, ಮೂಲವ್ಯಾಧಿ ಇತ್ಯಾದಿಗಳನ್ನು ಪರಿಗಣಿಸಲಾಗುವುದಿಲ್ಲ ಎಂದು ಆರನೆಯದು. ಗೆದ್ದ ಕೃತಿಯನ್ನು ಸಮಿತಿಯೇ ಅಚ್ಚು ಹಾಕಿಸುವುದಿತ್ತು. ಒಟ್ಟು ಹನ್ನೊಂದು ನಿಯಮಗಳಿದ್ದವು. ಹನ್ನೊಂದನೆಯದು ಹಾಳೆಯ ಹಿಂಬದಿಗೆ ಅಚ್ಚಾಗಿದ್ದರಿಂದ ಅದನ್ನು ಯಾರೂ ಓದಿರಲಿಲ್ಲ.

ಮನ್ಮನೆಯ ಅಭಿಜ್ಞಾಳಿಗೆ ಆಗ ಹದಿನೇಳು ವರ್ಷ. ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಬಾರಿ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಆ ಔಷಧದ ಬಾಟಲಿ ಬಿಸಿಯಾಗಬಾರದೆಂದು ಹೋದಲ್ಲೆಲ್ಲ ಒಂದು ಥರ್ಮಾಸು ಹೊತ್ತೊಯ್ಯುತ್ತಿದ್ದಳು. ಶಿರಸಿಯ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಗೊಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ತಾಸು ಕಾದು ಮತ್ತೊಮ್ಮೆ ಕೊಡಬೇಕು. ಆ ಎರಡು ತಾಸಿನ ಬೆಂಚಿನ ಮೇಲೆ ಅವಳಿಗೆ ಗುಡ್ನಾಪುರದ ಶಂಭುಲಿಂಗ ಸಿಕ್ಕಿದ್ದು. ಅವನಿಗೆ ಹದಿನೆಂಟು. ಚಿಕ್ಕಂದಿನ ಜ್ವರವೊಂದು ಹೃದಯದ ಕವಾಟ ಕೆಡಿಸಿ ಹೋಗಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ ತಪ್ಪುವಂತಿರಲಿಲ್ಲ. ಸೂಜಿಯಾದ ಮೇಲೆ ಅರ್ಧ ತಾಸು ಕೂತೇ ಹೋಗಬೇಕೆಂಬುದು ನರ್ಸ್ ಗಿರಿಜವ್ವನ ಕಟ್ಟಪ್ಪಣೆ.

ಕ್ರಮೇಣ ಅವನ ಅರ್ಧ ತಾಸು ಅವಳ ಎರಡು ತಾಸಿನಷ್ಟೇ ಉದ್ದವಾಯಿತು. ಅವಳಿಗೆ ತಿಂಗಳಿಗೊಂದು ಪರೀಕ್ಷೆ ಸಾಕಿದ್ದರೂ ಇಪ್ಪತ್ತೊಂದು ದಿನಕ್ಕೊಮ್ಮೆ ಮಾಡಿಸತೊಡಗಿದಳು. ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಗಿರಿಜವ್ವನ ಗಮನಕ್ಕೆ ಬಂತು, ಆದರೆ ಅವಳು ಕೇಳಲಿಲ್ಲ. ಬೆಂಚಿನ ಮೇಲೆ ಇಬ್ಬರ ನಡುವೆ ಯಾವಾಗಲೂ ಥರ್ಮಾಸು ಇರುತ್ತಿತ್ತು, ಏಕೆಂದರೆ ಔಷಧದ ಸರತಿಯಲ್ಲಿ ಇವಳ ಮನೆಯವರಿಗೋ ಅವನ ಮನೆಯವರಿಗೋ ಪರಿಚಯದವರೊಬ್ಬರು ಇದ್ದೇ ಇರುತ್ತಿದ್ದರು. ಒಂದೂವರೆ ವರ್ಷದಲ್ಲಿ ಅವರು ಒಮ್ಮೆಯೂ ಕೈ ಹಿಡಿದಿರಲಿಲ್ಲ. ಈ ವಿಷಯದಲ್ಲಿ ಸಮಿತಿಯ ಐದನೆಯ ನಿಯಮವನ್ನು ಅವರಷ್ಟು ನಿಷ್ಠೆಯಿಂದ ಪಾಲಿಸಿದವರು ತಾಲೂಕಿನಲ್ಲೇ ಇರಲಿಕ್ಕಿಲ್ಲ.

ಅವಳು ಕಾದಂಬರಿ ಬರೆಯುತ್ತಿದ್ದಾಳೆಂದು ತಿಳಿದ ದಿನ ಶಂಭುಲಿಂಗ ಒಂದೇ ಒಂದು ಪ್ರಶ್ನೆ ಕೇಳಿದ್ದ.

“ಕಡೀಕ ಆ ಹುಡುಗ ಉಳಿತಾನೋ ಇಲ್ಲೋ?”

“ಉಳೀತಾ,” ಎಂದಳು ಅವಳು ತನ್ನ ಮನೆಮಾತಿನಲ್ಲಿ.

“ಖರೇನ?”

“ಖರೇ. ಬರಿಯವ್ಳು ಆನಲ್ದ?”

ಹತ್ತು ವರ್ಷದವನಿದ್ದಾಗಿನಿಂದ, ಮನೆಗೆ ಬಂದವರೆಲ್ಲ ಅವನೆದುರಿಗೇ ಅವನ ತಾಯಿಯನ್ನು ಕೇಳುತ್ತಿದ್ದುದು ಅದೇ ಪ್ರಶ್ನೆ. ಯಾರೂ ಇಷ್ಟು ಚುಟುಕಾಗಿ ಉತ್ತರ ಕೊಟ್ಟಿರಲಿಲ್ಲ. ಅಚ್ಚಾದ ಮೇಲೆ ಒಂದು ಪ್ರತಿ ಅವ್ವನಿಗೆ ಓದಿ ಹೇಳುತ್ತೇನೆಂದ. ಪ್ರತಿ ಕೊಡುವುದಾಗಿ ಅಭಿಜ್ಞಾ ಮಾತು ಕೊಟ್ಟಳು.

ಸಮಿತಿಯ ಪದ್ಧತಿಯಲ್ಲಿ ಮೊದಲು ಆಮಂತ್ರಣ ಪತ್ರಿಕೆ, ಆಮೇಲೆ ಓದು. ಮುಖ್ಯ ಅತಿಥಿಗಳ ದಿನಾಂಕ ಸಿಗುವುದು ಕಷ್ಟ, ಹಸ್ತಪ್ರತಿ ಎಲ್ಲಿಗೂ ಓಡಿಹೋಗುವುದಿಲ್ಲ. ಬಂದ ಹದಿನಾರರಲ್ಲಿ ಅಭಿಜ್ಞಾಳ ಅಕ್ಷರ ಗುಂಡಗಿದ್ದುದರಿಂದ ಅವಳಿಗೇ ಪ್ರಥಮ ಸ್ಥಾನವೆಂದು ತೀರ್ಮಾನವಾಯಿತು. ‘ಅಭಿಜ್ಞಾ ಅವರ ಉಪಸ್ಥಿತಿಯಲ್ಲಿ’ ಎಂದು ನಾನೂರು ಪತ್ರಿಕೆ ಅಚ್ಚಾದವು. ಅನಂತರ ಅಧ್ಯಕ್ಷರಾದ ನಿವೃತ್ತ ಮುಖ್ಯಾಧ್ಯಾಪಕ ಶಿವಪುತ್ರಪ್ಪನವರು ಕರ್ಚೀಪು ಪಕ್ಕದಲ್ಲಿಟ್ಟುಕೊಂಡು ಎರಡು ಮಧ್ಯಾಹ್ನ ಕೃತಿಯನ್ನು ಓದಿದರು. ಕರ್ಚೀಪು ಒಣಗಿಯೇ ಉಳಿಯಿತು. ಹುಡುಗಿ ಸೂಜಿ ಚುಚ್ಚಿಕೊಂಡು ಊಟ ಮಾಡುತ್ತಾಳೆ. ಹುಡುಗ ಏರು ಹತ್ತುವಾಗ ನಿಂತು ಸುಧಾರಿಸಿಕೊಳ್ಳುತ್ತಾನೆ. ಕೊನೆಯ ಪುಟದಲ್ಲಿ ಇಬ್ಬರೂ ಬನವಾಸಿ ಬಸ್ಸು ಹತ್ತುತ್ತಾರೆ. ಅಪಘಾತವೂ ಆಗುವುದಿಲ್ಲ.

ಅಭಿಜ್ಞಾಳಿಗೆ ಕರೆ ಬಂತು.

“ಕೂಡವ್ವಾ,” ಎಂದರು ಅಧ್ಯಕ್ಷರು. “ಭಾಳ ಚಂದ ಬರದೀ. ಆದ್ರ ಯಾರೂ ಸತ್ತಿಲ್ಲಲ್ಲ? ಮರತೇನು?”

“ಇಲ್ಲ ಸರ್. ಅವರು ಸಾಯೋದಿಲ್ಲ.”

“ನೋಡ್ರಿ ತಂಗಿ,” ಎಂದು ಕಾರ್ಯದರ್ಶಿ ಮಧುಕೇಶ್ವರ ಕಡತ ಬಿಚ್ಚಿದರು. “ಉಳಿದ ಹದಿನೈದು ಹಸ್ತಪ್ರತಿಯಾಗ ಹತ್ತೊಂಬತ್ತು ಮಂದಿ ತೀರ್ಕೊಂಡಾರ. ಒಬ್ರು ಮಾಸ್ತರು ಡಾಕ್ಟರನ್ನೂ ಬಿಟ್ಟಿಲ್ಲ. ನಿಮ್ಮೊಬ್ರದ ಬಾಕಿ.”

“ನನಗೂ ಇದೇ ಕಾಯಿಲೆ ಸರ್. ಎಂಟು ವರ್ಷ ಆಯ್ತು. ಸೂಜಿ ಚುಚ್ಚಿಕೊಳ್ಳೋದು, ಊಟ ಮಾಡೋದು. ಅಷ್ಟೇ.”

“ಅದನ್ನ ಓದಿ ಯಾರು ಅಳ್ತಾರವ್ವಾ?” ಅಧ್ಯಕ್ಷರಿಗೆ ನಿಜಕ್ಕೂ ವ್ಯಥೆಯಾಗಿತ್ತು. “ಜಾಗೃತಿ ಹೆಂಗ ಮೂಡಬೇಕು? ಹುಡುಗನ ಹಾರ್ಟ್ ಹೆಂಗೂ ಕೆಟ್ಟೈತಿ. ನಿಯಮದಾಗ ಸಾವಿಗೆ ಎರಡು ಪುಟ ಅಂತ ಐತಿ, ನಿನಗ ಒಂದು ಸಾಲಿಗೆ ರಿಯಾಯ್ತಿ ಕೊಡೂಣಂತ. ಬಸ್ಸು ಹತ್ತೂ ಮುಂದ ಕುಸದ್ನು, ಮುಗೀತು.”

“ಅವನನ್ನ ಸಾಯಿಸೋದಿಲ್ಲ ಸರ್.”

“ಹಂಗಾರ ಅಚ್ಚಾಗೂದಿಲ್ಲ ನೋಡವ್ವಾ.”

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಕೈ ನಡುಗುತ್ತಿತ್ತು. ಸಕ್ಕರೆ ಇಳಿದಿರಬೇಕೆಂದು ಚೀಲದಿಂದ ನಾಲ್ಕು ಬಿಸ್ಕತ್ತು ತೆಗೆದು ತಿಂದಳು. ತಿಂದ ಮೇಲೂ ನಡುಕ ನಿಲ್ಲಲಿಲ್ಲ. ಅದು ಸಕ್ಕರೆಯದಲ್ಲ, ಸಿಟ್ಟಿನದು ಎಂದು ಆಗ ಗೊತ್ತಾಯಿತು. ಒಂದು ಸಾಲು ಬರೆದರೆ ಪುಸ್ತಕ ಬರುತ್ತದೆ. ಆ ಸಾಲನ್ನು ಶಂಭುಲಿಂಗ ಅವ್ವನಿಗೆ ಓದಿ ಹೇಳಬೇಕು.

ಸಮಿತಿಯವರೂ ನೆಮ್ಮದಿಯಿಂದಿರಲಿಲ್ಲ. ಪತ್ರಿಕೆಗಳು ಹಂಚಿಹೋಗಿದ್ದವು. ಸಮಾರಂಭಕ್ಕೆ ಒಂಬತ್ತು ದಿನವಿತ್ತು. ಆಗ ಮಧುಕೇಶ್ವರರು ನಿಯಮಗಳ ಹಾಳೆಯ ಮೇಲೆ ಚಹಾ ಚೆಲ್ಲಿದರು, ಒರೆಸಲೆಂದು ಅದನ್ನು ತಿರುಗಿಸಿದರು. ಮರುದಿನ ಅವರು ಕಡತದೊಡನೆ ನೇರ ಆಸ್ಪತ್ರೆಯ ಬೆಂಚಿಗೇ ಬಂದರು.

“ತಂಗಿ, ದಾರಿ ಸಿಕ್ಕೈತಿ. ನಿಯಮ ಹನ್ನೊಂದು: ಲೇಖಕರೇ ಸದರಿ ಕಾಯಿಲೆಯಿಂದ ದಿವಂಗತರಾಗಿದ್ದಲ್ಲಿ ಏಳನೆಯ ನಿಯಮದಿಂದ ವಿನಾಯಿತಿ ನೀಡತಕ್ಕದ್ದು. ಕಾಯಿಲೆ ನಿಮಗ ಐತಿ. ಇನ್ನೊಂದು ಭಾಗ ಕಾಗದದ ಮ್ಯಾಲೆ ಮಾಡೂಣು.”

ಅಭಿಜ್ಞಾ ಹಾಳೆ ತೆಗೆದುಕೊಂಡು ಹಿಂಬದಿ ಓದಿದಳು. “ಕಾದಂಬರಿಯಲ್ಲಿ ಎಂತದೂ ಬದಲಾಗೋದಿಲ್ಲ?”

“ಒಂದು ಅಕ್ಷರನೂ ಇಲ್ರಿ.”

“ಫೋಟೋ ಬೇಕಾ?”

“ಪಾಸ್‌ಪೋರ್ಟ್ ಸೈಜಿಂದು ಎರಡು. ಹಾರ ನಾವ ತರ್ತೀವಿ. ಹದಿನೆಂಟು ತುಂಬಿಲ್ಲ, ತಾಯಿ ಸಹಿ ಬೇಕಾಕ್ಕತಿ.”

ಅವರು ಹೋದ ಮೇಲೆ ಶಂಭುಲಿಂಗ ಥರ್ಮಾಸಿನ ಮುಚ್ಚಳ ಬಿಗಿ ಮಾಡಿದ. “ನನ್ನ ಸಲುವಾಗಿ ನೀ ಯಾಕ ಸಾಯ್ತಿ?” ಎಂದ.

“ಆನು ಸಾಯದು ಪುಸ್ತಕದ ಹೊರಗೆ ಮಾರಾಯ. ಒಳಗೆ ಎಂತಾ ಆಗ್ತಿಲ್ಲೆ.”

ಗಿರಿಜವ್ವ ಬಂದು, ಅರ್ಧ ತಾಸು ಇನ್ನೂ ಮುಗಿದಿಲ್ಲ, ಏಳಬೇಡ ಎಂದು ಹೇಳಿ ಹೋದಳು. ಒಂದೂಮುಕ್ಕಾಲು ತಾಸಾಗಿತ್ತು.

ಮನೆಯಲ್ಲಿ ಆಯಿ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದಳು. “ಎಂತದೇ ಕೂಸೆ ಇದು? ಬದ್ಕಿದ್ದ ಕೂಸಿನ ಫೋಟೋಕ್ಕೆ ಹಾರ ಹಾಕದು ಹೇಳಿರೆ ಎಂತ ಕಥೆ?”

“ಪುಸ್ತಕ ಬತ್ತು ಆಯಿ.”

ಆಯಿ ಮಗಳ ಮುಖ ನೋಡಿದಳು. ಎಂಟು ವರ್ಷದಿಂದ ನೆಂಟರಿಷ್ಟರೆಲ್ಲ ಈ ಕೂಸನ್ನು ಅರ್ಧ ಕಳಿಸಿಕೊಟ್ಟವರಂತೆಯೇ ಮಾತಾಡಿಸುತ್ತಿದ್ದರು. “ಅಲ್ಲಿ ಊಟ ಎಷ್ಟೊತ್ತಿಗಡ?” ಎಂದು ಕೇಳಿದಳು.

“ಒಂದು ಗಂಟೆಗಡ.”

“ಹಂಗಾರೆ ಸೂಜಿ ತಗಂಡು ಹೋಗು,” ಎಂದು ಹೇಳಿ ಸಹಿ ಹಾಕಿದಳು.

ಹೊಸ ಪತ್ರಿಕೆ ಅಚ್ಚು ಹಾಕಿಸುವ ಪ್ರಮೇಯ ಬರಲಿಲ್ಲ. ‘ದಿವಂಗತ’ ಎಂಬ ರಬ್ಬರ್ ಸ್ಟಾಂಪು ಮಾಡಿಸಿ, ಕೊಟ್ಟ ಪತ್ರಿಕೆಗಳನ್ನು ಮನೆಮನೆಗೆ ಹೋಗಿ ಕೇಳಿ ಪಡೆದು, ಹೆಸರಿನ ಹಿಂದೆ ಒತ್ತಿ ಮರಳಿ ಕೊಡಲಾಯಿತು. ಜನ ಸಹಕರಿಸಿದರು.

ಸಮಾರಂಭ ಚೆನ್ನಾಗಿ ನಡೆಯಿತು. ವೇದಿಕೆಯ ಮೇಲೆ ಅಭಿಜ್ಞಾಳ ಫೋಟೋ, ಸೇವಂತಿಗೆ ಹಾರ, ಮುಂದೊಂದು ದೀಪ. ಮೊದಲ ಸಾಲಿನಲ್ಲಿ ಅಭಿಜ್ಞಾ, ಆಯಿ, ಮತ್ತು ಕೃತಿಯ ಒಂದು ಪುಟ ಓದಲು ಬಂದಿದ್ದ ಶಂಭುಲಿಂಗ. ಮುಖ್ಯ ಅತಿಥಿಗಳು ಇಂಥ ಪ್ರತಿಭೆ ಅರಳುವ ಮೊದಲೇ ಬಾಡಿತೆಂದು ಹೇಳುವಾಗ ಗಂಟಲು ಕಟ್ಟಿ, ಮೊದಲ ಸಾಲಿನಲ್ಲಿದ್ದ ಅಭಿಜ್ಞಾಳ ಲೋಟದ ನೀರನ್ನೇ ಕೇಳಿ ಕುಡಿದರು. ಶಿವಪುತ್ರಪ್ಪನವರ ಕರ್ಚೀಪು ಕೊನೆಗೂ ಒದ್ದೆಯಾಯಿತು. ಶಂಭುಲಿಂಗ ಕೊನೆಯ ಪುಟ ಓದಿದ. ಬಸ್ಸು ಹತ್ತುವ ಸಾಲಿಗೆ ಬಂದಾಗ ಅವನ ದನಿ ನಡುಗಿತು, ಆದರೆ ಬಸ್ಸು ತಪ್ಪಲಿಲ್ಲ.

ಆಮೇಲೆ ಅಗಲಿದ ಚೇತನಕ್ಕೆ ಎರಡು ನಿಮಿಷ ಮೌನ ಆಚರಿಸಬೇಕೆಂದು ಕೋರಲಾಯಿತು. ಎಲ್ಲರೂ ಎದ್ದರು. ಕೂತೇ ಇದ್ದರೆ ಸತ್ತವರಿಗೆ ಅಗೌರವವಾಗುತ್ತದೆಂದು ಅಭಿಜ್ಞಾಳೂ ಎದ್ದಳು. ನಾನೂರು ಜನ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಅವಳ ಊರಿನವರು, ಅವನ ಊರಿನವರು, ಔಷಧದ ಸರತಿಯವರು, ಎಲ್ಲರೂ.

ಒಂದೂವರೆ ವರ್ಷದಲ್ಲಿ ಮೊದಲ ಸಲ ಅವರನ್ನು ಯಾರೂ ನೋಡುತ್ತಿರಲಿಲ್ಲ. ಶಂಭುಲಿಂಗ ಅವಳ ಮಣಿಕಟ್ಟು ಹಿಡಿದ. ಮೊದಲ ಅರ್ಧ ನಿಮಿಷ ನಿಯಮದ ಪ್ರಕಾರ ನಾಡಿ ನೋಡಿದ. ಅದು ಜೋರಾಗಿ ಓಡುತ್ತಿತ್ತು. ಉಳಿದ ಒಂದೂವರೆ ನಿಮಿಷ, ರಕ್ತಪರೀಕ್ಷೆಯ ಸೂಜಿ ತಾಗಿ ತಾಗಿ ದಡ್ಡುಗಟ್ಟಿದ ಅವಳ ಬೆರಳುಗಳನ್ನು ತನ್ನ ಬೆರಳಿನೊಳಗೆ ಇಟ್ಟುಕೊಂಡ. ಸತ್ತಿದ್ದಕ್ಕೆ ಅಭಿಜ್ಞಾಳಿಗೆ ಬಹಳ ಸಂತೋಷವಾಯಿತು.

ಮೌನಕ್ಕೆ ದೊರೆತ ಸ್ಪಂದನೆಯನ್ನು ಗಮನಿಸಿ, ಪ್ರತಿ ವರ್ಷ ಅದೇ ದಿನ ದಿವಂಗತರ ಪುಣ್ಯಸ್ಮರಣೆ ನಡೆಸಲು ಸಮಿತಿ ಠರಾವು ಮಾಡಿತು. ಇಬ್ಬರೂ ಒಂದು ವರ್ಷವೂ ತಪ್ಪಿಸಲಿಲ್ಲ. 2008ರಲ್ಲಿ, ಐದನೆಯ ಪುಣ್ಯಸ್ಮರಣೆಗೆ, ಇಬ್ಬರೂ ಒಂದೇ ಬಸ್ಸಿನಿಂದ ಇಳಿದರು. ಥರ್ಮಾಸು ಅವನ ಕೈಯಲ್ಲಿತ್ತು. ದಿವಂಗತರ ಪರವಾಗಿ ಎರಡು ಮಾತಾಡಬೇಕೆಂದು ಅಧ್ಯಕ್ಷರು ಅಭಿಜ್ಞಾಳನ್ನೇ ಕೇಳಿಕೊಂಡರು. ಅವಳು ಮೈಕಿನ ಮುಂದೆ ನಿಂತು, ಈ ವರ್ಷದಿಂದ ಮೌನವನ್ನು ಐದು ನಿಮಿಷಕ್ಕೆ ಏರಿಸಬೇಕೆಂದು ವಿನಂತಿಸಿದಳು.

ದಿವಂಗತರ ಕೊನೆಯ ಆಸೆಯೆಂದು ಪರಿಗಣಿಸಿ, ಸಭೆಯು ಅದನ್ನು ಸರ್ವಾನುಮತದಿಂದ ಅಂಗೀಕರಿಸಿ ಕಣ್ಣು ಮುಚ್ಚಿತು.